ಒಬ್ಬಳೇ ಎತ್ತುವಷ್ಟು

ದೊಡ್ಡ ಬೈಕಿನ ಹಿಂದಿನ ಸೀಟನ್ನು ನರ್ಸಮ್ಮ ಅಂಗೈಯಿಂದ ಒತ್ತಿ ನೋಡಿದಳು. ಮೆತ್ತಗಿತ್ತು, ಅಗಲವಾಗಿತ್ತು, ಕೂತವರ ಬೆನ್ನಿಗೆ ಆಸರೆಯೂ ಇತ್ತು. ಇದೇ ಇರಲಿ ಎಂದಳು. ಅಂಗಡಿಯವನ ಮುಖ ಅರಳಿತು. ಡಾಂಬರಿನ ಮೇಲೆ ಹಾಯಾಗಿ ಓಡುತ್ತದೆ, ಮರಳಿಗೂ ಹೆದರುವುದಿಲ್ಲ, ಟ್ಯಾಂಕ್ ತುಂಬಿಸಿದರೆ ಮರುಭೂಮಿಯ ಆ ಅಂಚಿಗೆ ಹೋಗಿ ಬರಬಹುದು ಎಂದು ಅವನು ಗುಣಗಾನ ಶುರುಮಾಡಿದ.

ಅವಳ ಗಂಡ ಮಾತ್ರ ಬೈಕಿನ ಸುತ್ತ ನಿಧಾನವಾಗಿ ನಡೆಯುತ್ತಾ ಒಂದೊಂದೇ ಭಾಗವನ್ನು ಕೈಯಿಂದ ಸವರುತ್ತಿದ್ದ. ಮದುವೆಯಾದಾಗಿನಿಂದ ಅವಳನ್ನೂ ಅವಳ ಔಷಧಿ ಪೆಟ್ಟಿಗೆಯನ್ನೂ ಹಿಂದೆ ಕೂರಿಸಿಕೊಂಡು, ಜೀಪು ಹೋಗದ ಮರಳುಹಾದಿಗಳಲ್ಲಿ ಬಸುರಿ ಬಾಣಂತಿಯರ ಮನೆಬಾಗಿಲಿಗೆ ತಲುಪಿಸುತ್ತಿದ್ದವನು ಅವನೇ. ಈಚೆಗೆ ಕಣ್ಣು ಮಂಜಾಗುತ್ತಾ ಬಂದು, ಬೆಳಕು ಯಾವುದು ನೆರಳು ಯಾವುದು ಎಂದು ತಿಳಿಯುವಷ್ಟು ದೃಷ್ಟಿ ಮಾತ್ರ ಉಳಿದಿತ್ತು. ಪಟ್ಟಣದ ಆಸ್ಪತ್ರೆಗೆ ಬಂದುಬಿಡು ಎಂದು ಮೇಲಿನವರು ನರ್ಸಮ್ಮನಿಗೆ ಹೇಳಿ ನೋಡಿದ್ದರು. ಹಾಗಾದರೆ ಆ ಹೆಂಗಸರು ಯಾರ ದಾರಿ ಕಾಯಬೇಕು ಎಂದು ಅವಳು ಕೇಳಿದ್ದಳು. ಆಮೇಲೆ ಯಾರದೋ ಬೈಕಿನಲ್ಲಿ ಬಿದ್ದು ಎದ್ದು ಓಡಿಸುವುದನ್ನೂ ಕಲಿತಳು.

"ಇದನ್ನ ನೆಲಕ್ಕೆ ಮಲಗಿಸಿ," ಎಂದ ಗಂಡ.

ಹೊಸ ಗಾಡಿ, ಗೀರು ಬೀಳುತ್ತದೆ ಎಂದು ಅಂಗಡಿಯವನು ರಾಗ ಎಳೆದ. ಕೊನೆಗೆ ಹಿಂದಿನ ಅಂಗಳದಲ್ಲಿ ಹಳೆಯ ಹಾಸಿಗೆಯೊಂದನ್ನು ಹರಡಿ ಅದರ ಮೇಲೆ ಬೈಕನ್ನು ಒರಗಿಸಿದ. ಈಗ ನೀನು ಎತ್ತು ಎಂದು ಹೆಂಡತಿಗೆ ಹೇಳಿ ಗಂಡ ಕೈಕಟ್ಟಿ ನಿಂತ. ಅವಳು ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿದು ಎಳೆದಳು. ಬೈಕು ಮಿಸುಕಲಿಲ್ಲ. ಇನ್ನೊಮ್ಮೆ ಎಳೆದಾಗ ಒಂಚೂರು ಮೇಲೆದ್ದು, ಬೇಡವೆಂಬಂತೆ ಮತ್ತೆ ಮಲಗಿತು. ಸಹಾಯಕ್ಕೆ ಬಂದ ಅಂಗಡಿಯವನ ಹೆಜ್ಜೆ ಸದ್ದು ಕೇಳಿ ಗಂಡ ಕೈ ಅಡ್ಡ ಹಿಡಿದ. "ಬೇಡ. ಅಲ್ಲಿ ಮರಳಲ್ಲಿ ನೀವಿರಲ್ಲ."

ಮೂಲೆಯಲ್ಲಿ ಬಡಕಲು ಬೈಕೊಂದಿತ್ತು. ಎತ್ತರದ ಚಕ್ರ, ಕಡ್ಡಿಗಳ ರಿಮ್ಮು, ಕೈಗೆ ಸಿಗುವ ಹಾಗೆ ಬರಿಮೈಯಲ್ಲಿದ್ದ ಎಂಜಿನ್, ಹಲಗೆಯಂಥ ಸೀಟು. ಅದನ್ನೂ ಮಲಗಿಸಿದ್ದಾಯಿತು. ಗಾಡಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂರು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಸೀಟಿನ ಅಡಿಗೆ, ತೋಳಿನ ಬಲ ಬೇಡ, ಕಾಲಿನಿಂದ ಒತ್ತುತ್ತಾ ಹಿಂದಕ್ಕೆ ಹೆಜ್ಜೆ ಇಡು ಎಂದು ಗಂಡ ಹೇಳಿಕೊಟ್ಟ. ಅವಳು ಹಾಗೇ ಮಾಡಿದಳು. ಬೈಕು ಹಟಮಾರಿ ಮೇಕೆಯಂತೆ ಗೊಣಗುತ್ತಾ ಎದ್ದು ನಿಂತಿತು. ನರ್ಸಮ್ಮ ಏದುಸಿರು ಬಿಡುತ್ತಾ ನಕ್ಕಳು. ಆಮೇಲೆ ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು.

"ಇದರ ಹಿಂದೆ ನೀವು ಕೂರೋಕಾಗಲ್ಲ," ಎಂದಳು. "ದೊಡ್ಡದಾದ್ರೆ ಇಬ್ರೂ ಹೋಗಬಹುದಿತ್ತು. ಬಿದ್ರೆ ಇಬ್ರೂ ಸೇರಿ ಎತ್ತಬಹುದಿತ್ತು."

"ನಾನಿದ್ರೆ ಬೀಳೋದೇ ಜಾಸ್ತಿ ಕಣೇ. ಮರಳಲ್ಲಿ ಹಿಂದಿನ ಭಾರ ಗಾಡೀನ ಎಳೀತಾನೇ ಇರುತ್ತೆ. ಇಷ್ಟು ವರ್ಷ ನಿನ್ನ ಕೂರಿಸ್ಕೊಂಡವನಿಗೆ ಅಷ್ಟೂ ಗೊತ್ತಿಲ್ವಾ?"

ಅವಳು ಅವನ ಭುಜಕ್ಕೆ ಮೆಲ್ಲಗೆ ಗುದ್ದಿದಳು. ಸೀಟಿನ ಹಿಂಭಾಗಕ್ಕೆ ಔಷಧಿ ಪೆಟ್ಟಿಗೆ ಕೂರುವಂತೆ ಕಬ್ಬಿಣದ ಚೌಕಟ್ಟು ಹಾಕಿಕೊಡುತ್ತೇನೆ, ಮುಂದಿನ ವಾರ ಬನ್ನಿ ಎಂದ ಅಂಗಡಿಯವನು. ನೀರಿನ ಕ್ಯಾನಿಗೂ ಜಾಗ ಬಿಡಿ ಎಂದ ಗಂಡ. ಅಂದು ಆ ಗಾಡಿಯನ್ನೇ ಕೊಂಡು ಹೊರಟಾಗ ಅವನು ಇಕ್ಕಟ್ಟಿನ ಸೀಟಿನಲ್ಲೇ ಹೇಗೋ ತೂರಿಕೊಂಡು, ಮೊದಲ ಸಲ ಹೆಂಡತಿಯ ಹೆಗಲು ಹಿಡಿದು ಹಿಂದೆ ಕೂತ.

ಡಾಂಬರು ಮುಗಿಯುವಲ್ಲಿ ಅವನು ಇಳಿದ. ಟೈರುಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾ ಒಂದಿಷ್ಟು ಗಾಳಿ ಬಿಟ್ಟ. ಮೆತ್ತಗಾದ ಟೈರು ಮರಳಿನಲ್ಲಿ ಹೂತುಹೋಗುವುದಿಲ್ಲ. ಎದುರಿನ ದಿಬ್ಬ ಬಳಸಿಕೊಂಡು ಬಾ, ಚಕ್ರದ ಕಡೆ ನೋಡಬೇಡ, ದೂರಕ್ಕೆ ನೋಡು ಎಂದು ಹೇಳಿ ಕಳಿಸಿದ.

ಸದ್ದು ಸಣ್ಣಗಾಗುತ್ತಾ ಹೋಯಿತು. ಗೇರು ಬದಲಾದದ್ದು ಅವನಿಗೆ ಕೇಳಿಸಿತು. ದಿಬ್ಬದ ಆಚೆ ಎಂಜಿನ್ ಒಮ್ಮೆ ಜೋರಾಗಿ ಅರಚಿ, ಥಟ್ಟನೆ ನಿಂತುಹೋಯಿತು. ಆಮೇಲೆ ಗಾಳಿಯೊಂದೇ. ಅವನು ಸದ್ದು ನಿಂತ ಕಡೆಗೆ ಬಿರಬಿರನೆ ನಡೆದ. ಪಾದ ಹೂತು ಮುಗ್ಗರಿಸಿ ಮಂಡಿಯೂರಿದ. ತನ್ನ ಕೈಯಾರೆ ಕಳಿಸಿದೆನಲ್ಲ ಎನ್ನಿಸಿತು. ಹಾಗೇ ಮಂಡಿಯ ಮೇಲೆ, ಉಸಿರು ಬಿಗಿಹಿಡಿದು ಕಿವಿಗೊಟ್ಟ. ಬಹಳ ಹೊತ್ತಾದ ಮೇಲೆ ದಿಬ್ಬದ ಆಚೆ ಏನೋ ಕೆಮ್ಮಿದಂತಾಯಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಎಂಜಿನ್ ಹತ್ತಿಕೊಂಡಿತು.

ಅವನು ದಡಬಡಿಸಿ ಎದ್ದು, ಮಂಡಿ ಒರೆಸಿಕೊಂಡು, ಕಾಲಿನಿಂದ ಡಾಂಬರನ್ನು ಹುಡುಕಿ ಹಿಂದಕ್ಕೆ ಬಂದು, ಅಲ್ಲಾಡದೆ ಇದ್ದವನಂತೆ ನಿಂತುಕೊಂಡ. ಬೈಕು ಬಂದು ಪಕ್ಕದಲ್ಲಿ ನಿಂತಿತು. ಹೆಲ್ಮೆಟ್ ತೆಗೆಯುತ್ತಾ ಅವಳೇ ಹೇಳಿದಳು:

"ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿದ್ದೆ. ನೋಟ ತುಂಬಾ ಚೆನ್ನಾಗಿತ್ತು."

ಅವನು ಕೈಚಾಚಿ ಅವಳ ಹೆಗಲು ಹುಡುಕಿದ. ಅಲ್ಲಿಂದ ಬೆರಳುಗಳು ಜಡೆಗಿಳಿದು, ತುದಿಯವರೆಗೂ ಹೋಗಿ ನಿಂತವು.

"ಹೂಂ, ನೋಟ ಜಡೆಗೆಲ್ಲ ಮೆತ್ತಿಕೊಂಡಿದೆ," ಎಂದ. "ತಿರುಗು, ಕೊಡವ್ತೀನಿ."