ಒಣಗದ ಪೆನ್ನು

ಒಡೆಯ ಸತ್ತ ಗಳಿಗೆಯಲ್ಲೇ ಅವನ ಪೆನ್ನೂ ಒಣಗುತ್ತದೆ. ಆಮೇಲೆ ಎಷ್ಟು ಶಾಯಿ ತುಂಬಿದರೂ ಬರೆಯದು. ಅದಕ್ಕೇ ದೂರ ಹೋಗುವವರು ಪೆನ್ನನ್ನು ಮನೆಯಲ್ಲಿ ಬಿಟ್ಟು ಹೋಗುವುದು ಧಾರವಾಡದ ರೂಢಿ.

“ಎಂಟು ದಿನದಾಗ ಬರ್ತೀನಿ” ಎಂದು ಹೋದ ವಾದಿರಾಜನ ಬಂಗಾರದ ನಿಬ್ಬಿನ ಪೆನ್ನಿಗೆ ಹೆಂಡತಿ ಮಂದಾಕಿನಿ ಹನ್ನೊಂದು ವರ್ಷದಿಂದ ಶಾಯಿ ತುಂಬುತ್ತಿದ್ದಳು. ಇವತ್ತೂ ಮುಂಜಾನೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ‘ಶ್ರೀ’ ಬರೆದಳು. ಗಂಡನ ಎಡಗೈಗೆ ಸವೆದ ನಿಬ್ಬು ಅವಳ ಬಲಗೈಯಲ್ಲಿ ಕರಕರ ಎಂದರೂ ನೀಲಿ ಅಕ್ಷರ ತುಂಬಿ ಮೂಡಿತು.

“ಬರೀತು! ನನ್ನ ಮಗ ಜೀವಂತ ಅದಾನ!” ಅತ್ತೆ ಕೈಮುಗಿದರು. “ನೀ ಯಾಕ ಮಾರಿ ಸಣ್ಣ ಮಾಡ್ಕೊಂಡಿ?”

ಮಂದಾಕಿನಿ ನಿಬ್ಬು ಒರೆಸಿ ಕ್ಯಾಪು ತಿರುವಿದಳು.

“ಅದು ಒಣಗಿದ್ದರ ನಾ ಅವರನ್ನ ಮಾಫ್ ಮಾಡಿರ್ತಿದ್ದೆ ನೋಡ್ರಿ, ಅತ್ತಿ.”