ಕಿಟಕಿಯತ್ತ ಬಾಗಿದ ಪೇಂಟರು

ಬಣ್ಣದ ಡಬ್ಬಿ ಹಿಡಿದ ಪೇಂಟರು ಮತ್ತೆ ಅಮ್ಮನ ಕಿಟಕಿಯತ್ತ ಬಾಗಿದರು. ರಸ್ತೆಯ ಈಚೆ ಹೊಲಿಗೆ ಅಂಗಡಿಯಲ್ಲಿ ಮಗಳ ಕಾಲು ಯಂತ್ರದ ಮೆಟ್ಟಿನ ಮೇಲೇ ನಿಂತುಹೋಯಿತು. ಇಷ್ಟಾದರೂ ಅಮ್ಮ ಹಿಂದೆ ಸರಿಯಲಿಲ್ಲ. ಕೆನ್ನೆಗೆ ಕೈಕೊಟ್ಟು ಕೂತ ಹಾಗೇ ಕೂತಿದ್ದಳು. ಮುಖದಲ್ಲಿ ಸಣ್ಣ ನಗೆ ಬೇರೆ!

"ಅಮ್ಮಾವ್ರಿಗೆ ಜೊತೆ ಸಿಕ್ಕಿತು ಅನ್ನಿ," ಎಂದ ಪಕ್ಕದ ಅಂಗಡಿಯ ಕ್ಷೌರಿಕ.

"ನಿಮ್ಮ ಕತ್ತರಿ ಕೂದಲಿಗಿರಲಿ," ಎಂದಳು ಮಗಳು.

ಬೋರ್ಡು ಬರೆಯುತ್ತಿದ್ದ ಅಪ್ಪ ಏಣಿಯಿಂದ ಜಾರಿ ದೇವರ ಪಾದ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವರಿಗೆ ಬಣ್ಣ ಕಲಸಿಕೊಡುತ್ತಿದ್ದವಳು ಅಮ್ಮ. ಉಳಿದ ಒಂದು ಜೀವವನ್ನಾದರೂ ಕಾಪಾಡಿಕೊಳ್ಳಬೇಕೆಂದು ಮಗಳು ಕಟ್ಟಪ್ಪಣೆ ಮಾಡಿದ್ದಳು: ಏಣಿ ಕೂಡದು, ರಸ್ತೆ ಕೂಡದು, ಅಂಗಡಿಯಿಂದ ಕತ್ತೆತ್ತಿದರೆ ಕಿಟಕಿಯಲ್ಲಿ ಕಾಣಬೇಕು. ಎಂದೂ ಇಲ್ಲದ ವಿಧೇಯತೆಯಿಂದ ಅಮ್ಮ, "ಆಯ್ತು ತಾಯಿ, ಕಾಣ್ತೀನಿ," ಎಂದಿದ್ದಳು.

ಆಮೇಲೆ ನಗರಸಭೆಯವರು ಅಮ್ಮನ ಕಿಟಕಿಯಿದ್ದ ಗೋಡೆಗೆ ಚಿತ್ರ ಬರೆಸಲು ಹೊರಟರು. ಅಟ್ಟಣಿಗೆ ಕಟ್ಟಿದರು. ಟೋಪಿ, ಮುಖಗವಸು, ದೊಗಳೆ ಅಂಗಿಯ ಈ ಪೇಂಟರು ಬಂದರು. ದೊಡ್ಡ ಆಕಾರಗಳಿಗೆ ಸ್ಪ್ರೇ, ಸೂಕ್ಷ್ಮಕ್ಕೆ ಕುಂಚ. ಗೋಡೆಯ ಮೇಲೊಂದು ಬೀದಿ ಹುಟ್ಟಿತು, ಬೀದಿಗೆ ಮನೆಗಳು, ಮನೆಗೆ ಹೆಂಚು, ಹೆಂಚಿನ ಮೇಲೆ ಬೆಕ್ಕು. ಯಾರು ಹೊಗಳಿದರೂ ಪೇಂಟರು ತುಟಿ ಪಿಟಕ್ಕೆನ್ನಲಿಲ್ಲ. ಕೈ ಮುಗಿದು ಗೋಡೆಗೆ ತಿರುಗುತ್ತಿದ್ದರು.

ಕತ್ತಲಾದ ಮೇಲೆ ಮಗಳು ಮನೆ ಸೇರಿದರೆ ಅಮ್ಮನ ಮೈಯೆಲ್ಲ ಬಣ್ಣದ ವಾಸನೆ.

"ಇದೇನಮ್ಮ, ಹೀಗೆ ನಾರ್ತೀಯ?"

"ದಿನವಿಡೀ ಆ ಗೋಡೆ ಪಕ್ಕ ಇರೋಳು ಮತ್ತೇನು ಗುಲಾಬಿ ನಾರಲಾ?"

ಈಗ ನೋಡಿದರೆ ಪೇಂಟರ ಕುಂಚ ಅಮ್ಮನ ಮೂಗಿನ ತುದಿಗೇ ಬಂದಿತ್ತು. ಮಗಳು ಹೊಲಿಗೆ ಬಿಸಾಡಿ ರಸ್ತೆ ದಾಟಿದಳು. ಅಟ್ಟಣಿಗೆಯ ಬುಡದಲ್ಲಿ ನಿಂತು ಕೂಗಿದಳು:

"ರೀ ಸ್ವಾಮಿ! ವಯಸ್ಸಾದ ಹೆಂಗಸಿನ ಹತ್ತಿರ ಏನ್ರೀ ನಿಮ್ಮ ಆಟ? ಮೊದಲು ಆ ಕಿಟಕಿ ಮುಚ್ಚಿ! ನಮ್ಮಮ್ಮನಿಗೆ ಏನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!"

ಕ್ಷೌರಿಕನೂ ಅರ್ಧ ಗಡ್ಡದ ಗಿರಾಕಿಯೂ ಬೀದಿಗೆ ಬಂದರು.

ಪೇಂಟರು ಸಾವಕಾಶವಾಗಿ ಕುಂಚ ಒರೆಸಿ ಮುಖಗವಸು ಕೆಳಗಿಳಿಸಿದರು.

"ಮುಚ್ಚೇ ಇದೆ ಕಣೇ," ಎಂದಳು ಅಟ್ಟಣಿಗೆಯ ಮೇಲಿಂದ ಅಮ್ಮ. "ಬೇಕಾದ್ರೆ ಹತ್ತಿ ಬಂದು ಮುಟ್ಟಿ ನೋಡು. ನನ್ನ ಮೂಗೊಂದು ಬಿಟ್ಟು, ಅದಿನ್ನೂ ಹಸಿ."