ಗೋಡೆಯಾಚೆಯ ಅಪ್ಪ

ಗೋಡೆಗೆ ಏನೋ ದೊಪ್ಪನೆ ಬಡಿಯಿತು. ಶೈಲಜಾ ಒಗ್ಗರಣೆ ಸೌಟು ಹಿಡಿದು ಹಾಗೇ ನಿಂತಳು. ಇನ್ನೊಂದು ಏಟು. ಹುಡುಗಿಯ ಚೀತ್ಕಾರ. ಅದರ ಹಿಂದೆಯೇ ಗಂಡಸಿನ ಗಂಟಲು: "ಐ ವಿಲ್ ಕಿಲ್ ಯು!"

ಭಾನುವಾರ ಸಂಜೆ ಬಂತೆಂದರೆ ಪಕ್ಕದ ಮನೆಯಲ್ಲಿ ಇದೇ ಗೋಳು. ಕೆಂಡಲ್ ಪಾರ್ಕಿನ ಆ ಅಪಾರ್ಟ್‌ಮೆಂಟಿನ ಗೋಡೆಗಳೋ ಹಪ್ಪಳದಷ್ಟು ತೆಳು. ಸಾಲದ್ದಕ್ಕೆ ಜಗದೀಶ ಜನವರಿಯ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಿಟ್ಟುಕೊಂಡೇ ಮಗಳನ್ನು ಬಡಿಯುತ್ತಿದ್ದ. ಮನುಷ್ಯನಿಗೆ ನಾಚಿಕೆಯೆಂಬುದು ಬೇಡವೇ? ಮನೆಯಲ್ಲಿ ಕನ್ನಡವನ್ನೇ ಆಡಬೇಕೆಂದು ಮಗಳಿಗೆ ಕಟ್ಟುನಿಟ್ಟು ಮಾಡಿದವನು, ಹೊಡೆಯುವಾಗ ಮಾತ್ರ ಇಂಗ್ಲಿಷಿಗೆ ಇಳಿಯುತ್ತಿದ್ದ. ಸಿಟ್ಟು ಬಂದಾಗಲೂ ಶೋಕಿ ಬಿಡದ ಆಸಾಮಿ ಎಂದುಕೊಂಡಳು ಶೈಲಜಾ.

ಗಂಡ ಕೇಶವಮೂರ್ತಿ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ನಮಗ್ಯಾಕೆ ಶೈಲೂ? ಪೊಲೀಸ್ ಬಂದ್ರೆ ಅಪ್ಪ ಮಗಳು ಇಬ್ರೂ ಡಿಪೋರ್ಟ್ ಆಗ್ತಾರೆ. ಆ ಹುಡುಗಿ ಬಾಳಿಗೆ ನೀನೇ ಕಲ್ಲು ಹಾಕಿದ ಹಾಗಾಗತ್ತೆ."

ಆ ಭಯಕ್ಕೆ ಕಾರಣವಿತ್ತು. ಐಟಿ ಎಂದರೆ ಸಾಕು, ಎಲ್ಲರೂ ವಿಮಾನ ಹತ್ತುತ್ತಿದ್ದ ಕಾಲದಲ್ಲಿ, ಹೆಂಡತಿ ಸತ್ತ ಜಗದೀಶ ಯಾವನೋ ಏಜೆಂಟನ ಮಾತು ನಂಬಿ ಎಂಟು ವರ್ಷದ ಗಗನಾಳನ್ನು ಕರೆದುಕೊಂಡು ಮೈಸೂರಿನಿಂದ ಬಂದಿದ್ದ. ಕೆಲಸ ಕೊಡಬೇಕಾದ ಕಂಪನಿ ಇರಲೇ ಇಲ್ಲ. ವಿಸಿಟರ್ ವೀಸಾ ಮುಗಿಯಿತು. ಅಪ್ಪ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಮಗಳು ಶಾಲೆಯಲ್ಲಿ ಕದ್ದುಮುಚ್ಚಿ ಉಳಿದುಬಿಟ್ಟರು. ಈಗ ಗಗನಾ ತರಗತಿಗೇ ಮೊದಲು. ಆದರೆ ಕೆಲಸಕ್ಕಿರಲಿ, ಕಾರು ಓಡಿಸಲು ಕೂಡ ಅವಳ ಬಳಿ ಕಾಗದವಿಲ್ಲ. ಬೇಸಿಗೆಗೆ ಹದಿನೆಂಟು ತುಂಬುತ್ತದೆ. ಆಮೇಲೆ ಯಾವ ಕಾನೂನೂ ಅವಳನ್ನು ಮಗುವೆಂದು ಕನಿಕರಿಸುವುದಿಲ್ಲ.

ಶೈಲಜಾ ಸುಮ್ಮನಿರುವ ಹೆಂಗಸಲ್ಲ. ಏಟು ತಿನ್ನುವವರ ಹೆಲ್ಪ್‌ಲೈನಿನಲ್ಲಿ ಸ್ವಯಂಸೇವಕಿ. ಕನ್ನಡ ಕೂಟದಲ್ಲಿ ಊಟಕ್ಕೆ ಮೊದಲು ಮೈಕ್ ಹಿಡಿದು, ಕಾನೂನು ವಿವರಿಸುತ್ತ ಎಲ್ಲರ ಹಸಿವನ್ನು ಕೆರಳಿಸುವವಳು. ನಮ್ಮವರ ಮನೆ ಜಗಳಕ್ಕೆ ಪೊಲೀಸರನ್ನು ಕರೆಸಿದ ಕನ್ನಡತಿ ಆ ಸುತ್ತಿಗೆಲ್ಲ ಅವಳೊಬ್ಬಳೇ. ಬೆನ್ನ ಹಿಂದೆ ಜನ 'ಪೊಲೀಸ್ ಶೈಲಜಾ' ಎಂದು ಆಡಿಕೊಳ್ಳುತ್ತಿದ್ದರು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಸೋಮವಾರ ಬೆಳಿಗ್ಗೆ ಶಾಲೆಯ ಬಸ್ಸಿಗೆ ನಿಂತಿದ್ದ ಗಗನಾಳ ತುಟಿ ಒಡೆದಿತ್ತು, ಕಣ್ಣು ಊದಿ ನೇರಳೆಯಾಗಿತ್ತು. ಹೊಡೆಯುವ ಗಂಡಸರು ಬಟ್ಟೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಾರೆ. ಈ ಪಾಪಿಗೆ ಅಷ್ಟು ಭಯವೂ ಇಲ್ಲ.

"ಆಂಟಿ, ಪ್ಲೀಸ್, ಪೊಲೀಸಿಗೆ ಮಾತ್ರ ಹೇಳ್ಬೇಡಿ," ಎಂದಳು ಹುಡುಗಿ. "ಅಪ್ಪ ವಾಸ್ ನೆವರ್ ಲೈಕ್ ದಿಸ್. ಈ ಮನೆಗೆ ಬಂದ್ಮೇಲೇ ಹೀಗಾದ್ರು."

ಅಂದು ಸಂಜೆ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ ಜಗದೀಶನಿಗೆ ಶೈಲಜಾ ಅಡ್ಡ ನಿಂತಳು.

"ಇನ್ನೊಂದು ಸಲ ಆ ಮಗೂ ಮೇಲೆ ಕೈ ಮಾಡಿದ್ರೆ 911ಗೆ ಫೋನ್ ಮಾಡ್ತೀನಿ."

ಅವನ ಕಣ್ಣುಗಳು ಕೆಂಪಗಿದ್ದವು. ಕುಡಿದಿದ್ದಾನೆ ಎಂದುಕೊಂಡಳು. ವಾಸನೆ ಮಾತ್ರ ಬರಲಿಲ್ಲ.

"ನೀವು ಮಾಡಲ್ಲ ಬಿಡಿ ಮೇಡಂ," ಎಂದ. "ಇಷ್ಟು ದಿನ ಕೇಳಿಸ್ಕೊಂಡು ಸುಮ್ನೇ ಇದ್ರಲ್ಲ. ನಿಮ್ಮಂಥೋರದ್ದು ಬರೀ ಮೈಕಿನ ಮುಂದಿನ ಶೌರ್ಯ."

ಆ ಮಾತು ಅವಳಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಮುಂದಿನ ಭಾನುವಾರ ಬೈಗುಳ ಕೇಳಿಸಲಿಲ್ಲ. ಕುರ್ಚಿ ಉರುಳಿತು, ಲಟಕ್ಕೆಂದು ಸದ್ದಾಯಿತು, ಗಗನಾ ಕಿರುಚಿದಳು, ಆಮೇಲೆ ಏನೂ ಇಲ್ಲ. ಕೇಶವಮೂರ್ತಿ ಬೇಡವೆನ್ನುವ ಮೊದಲೇ ಶೈಲಜಾ ಫೋನ್ ಮಾಡಿಬಿಟ್ಟಿದ್ದಳು.

ಪೊಲೀಸರು ಬಾಗಿಲು ಒಡೆಯಬೇಕಾಗಲಿಲ್ಲ. ಜಗದೀಶ ಕೋಟು, ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಅವರು ಕೇಳುವ ಮುನ್ನವೇ ಬೇಡಿಗೆ ಕೈ ಚಾಚಿದ. ಒಳಗೆ ಗಗನಾ ನೆಲದ ಮೇಲೆ ಬಿದ್ದಿದ್ದಳು. ಎಡಗೈ ಬಾಗಬಾರದ ಕಡೆ ಬಾಗಿತ್ತು, ಮೂಗಿನ ರಕ್ತ ಕಾರ್ಪೆಟ್ಟಿಗೆ ಇಳಿಯುತ್ತಿತ್ತು. ಅಂಥ ಸ್ಥಿತಿಯಲ್ಲೂ "ಅಪ್ಪನ್ನ ಬಿಡಿ, ಬಿಟ್ಬಿಡಿ" ಎಂದು ಅಳುತ್ತಿದ್ದಳು.

ಹುಡುಗಿಯ ಆ ಪ್ರೀತಿಯನ್ನು ಅವನು ಕೋರ್ಟಿನಲ್ಲಿ ಮುಗಿಸಿಬಿಟ್ಟ. ಮಗಳ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶೆ ಕೇಳಿದಾಗ, ಅವಳ ಕಡೆ ತಿರುಗಿಯೂ ನೋಡದೆ ಸ್ಪಷ್ಟವಾಗಿ ನುಡಿದ: "ಐ ಡೋಂಟ್ ವಾಂಟ್ ಹರ್. ಐ ವಿಲ್ ಬೀಟ್ ಹರ್ ಅಗೇನ್."

ಗಗನಾ ಎದ್ದು, ಕಟ್ಟು ಹಾಕಿದ ಕೈಯಲ್ಲೇ ಅವನತ್ತ ನುಗ್ಗಿದಳು. "ಐ ಹೇಟ್ ಯು!" ಅಂದಿನಿಂದ ಅಪ್ಪ ಎಂಬ ಮಾತು ಅವಳ ಬಾಯಿಂದ ಹೊರಡಲಿಲ್ಲ. ಶೈಲಜಾಗೆ ಅದರಿಂದ ಸಮಾಧಾನವೇ ಆಯಿತು.

ಕೋರ್ಟು ಹುಡುಗಿಯನ್ನು ಶೈಲಜಾಳ ವಶಕ್ಕೆ ಕೊಟ್ಟಿತು. ಹೆತ್ತವರ ಕ್ರೌರ್ಯದಿಂದ ಕೋರ್ಟು ಬಿಡಿಸಿದ ಮಗುವಿಗೆ ಆ ದೇಶದಲ್ಲಿ ಒಂದು ದಾರಿಯಿದೆ: ಮೊದಲು ಗ್ರೀನ್ ಕಾರ್ಡ್, ಮುಂದೆ ಸಿಟಿಜನ್‌ಶಿಪ್. ಹೆತ್ತವರಿಗೆ ಮಾತ್ರ ಆ ಮಗುವಿನ ಮೂಲಕ ಯಾವ ವೀಸಾವೂ ಜನ್ಮದಲ್ಲಿ ಸಿಗದು.

ಗ್ರೀನ್ ಕಾರ್ಡ್ ಬಂದ ವಾರ ಶೈಲಜಾ ಜೈಲಿಗೆ ಹೋದಳು. ಶಿಕ್ಷೆ ಮುಗಿಸಿ ಅವನನ್ನು ವಿಮಾನ ಹತ್ತಿಸುವವರಿದ್ದರು. ಅದಕ್ಕೆ ಮೊದಲು ಅವನ ಮುಖ ಕಪ್ಪಿಡುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು. ಗಾಜಿನಾಚೆ ಬಂದು ಕುಳಿತವನ ಮುಂದಿನ ಹಲ್ಲುಗಳೇ ಇರಲಿಲ್ಲ. ಮಗುವಿಗೆ ಹೊಡೆದು ಬಂದವನನ್ನು ಜೈಲಿನೊಳಗಿನವರು ಸುಮ್ಮನೆ ಬಿಡುವುದಿಲ್ಲ.

"ಗಗನಂಗೆ ಗ್ರೀನ್ ಕಾರ್ಡ್ ಬಂತು," ಎಂದಳು ಗಾಜಿನ ಈಚೆಯ ಫೋನಿನಲ್ಲಿ. "ಕಾಲೇಜಿಗೂ ಸೇರಿದ್ಲು. ಇನ್ನು ಯಾರೂ ಅವಳನ್ನ ಇಲ್ಲಿಂದ ಕಳಿಸೋಕಾಗಲ್ಲ. ನಿಮ್ಮ ಹೆಸರೆತ್ತಿದ್ರೆ ಉಗೀತಾಳೆ."

ಜಗದೀಶ ಮೇಜಿಗೆ ಹಣೆಯೊತ್ತಿದ. ಭುಜಗಳು ಬಹಳ ಹೊತ್ತು ನಡುಗಿದವು. ಶೈಲಜಾಗೆ ಬಂದ ಕೆಲಸ ಆಯಿತೆನ್ನಿಸಿತು. ಕಡೆಗೆ ಅವನು ತಲೆಯೆತ್ತಿ, ಒದ್ದೆ ಮುಖದಲ್ಲೇ ನಕ್ಕು, ಗಾಜಿನಾಚೆಯಿಂದ ಅವಳಿಗೆ ಕೈಮುಗಿದ.

"ಅವಳಿಗೆ ಮಾತ್ರ ಯಾವತ್ತೂ ಹೇಳ್ಬೇಡಿ ಮೇಡಂ. ಕನ್ನಡ ಕೂಟದಲ್ಲಿ ನೀವು ಈ ಗ್ರೀನ್ ಕಾರ್ಡ್ ಕಾನೂನಿನ ಬಗ್ಗೆ ಮಾತಾಡಿದ್ರಲ್ಲ, ಅವತ್ತೇ ನಾನು ನಿಮ್ಮ ಪಕ್ಕದ ಮನೆ ಖಾಲಿ ಇದ್ಯಾ ಅಂತ ವಿಚಾರಿಸೋಕೆ ಹೋದೆ."